ಏಳು ಚೂರು ಸೀಮೆಸುಣ್ಣ

(ಬೇರೆ ಜನಾಂಗದ ಮಕ್ಕಳನ್ನು ಸಹಪಾಠಿಗಳು ಯಾಕೆ ಪೀಡಿಸುತ್ತಾರೆ ಅನ್ನುವ ಬಗ್ಗೆ ಶಿರಸಿಯಲ್ಲಿ ಹೈಸ್ಕೂಲು ಶಿಕ್ಷಕರ ಸಭೆಯೊಂದರಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅವತ್ತು ಮರೆತದ್ದನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತು. ಯಾರಿಗಾದರೂ ತೂಕಡಿಕೆ ಬಂದರೆ ನನಗೇನೂ ಬೇಜಾರಿಲ್ಲ. ಮೂವತ್ತು ವರ್ಷ ಊಟದ ನಂತರದ ಪಿರಿಯಡ್ಡು ತಗೊಂಡವನು ನಾನು.

ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಯಲ್ಲಾಪುರದ ಕಡೆಯ ಒಂದು ಹೈಸ್ಕೂಲು, ಒಂಬತ್ತನೇ ಕ್ಲಾಸು. ಎರಡನೇ ಬೆಂಚಿನಲ್ಲಿ ಒಬ್ಬ ಸಿದ್ದಿ ಹುಡುಗ, ಆಫ್ರಿಕಾ ಮೂಲದ ಸಮುದಾಯದವನು. ಒತ್ತಾದ ಗುಂಗುರು ಕೂದಲು. ಹಿಂದಿನ ಬೆಂಚಿನವರು ಆ ಕೂದಲಿಗೆ ಸೀಮೆಸುಣ್ಣದ ಚೂರು ಸಿಕ್ಕಿಸುತ್ತಿದ್ದರು. ಅವನಿಗೆ ಗೊತ್ತಾಗುವುದರೊಳಗೆ ಎಷ್ಟು ಚೂರು ಕೂರಿಸಬಹುದು ಅನ್ನೋದೇ ಆಟ. ನಾನು ಬೋರ್ಡಿನಿಂದ ತಿರುಗಿದಾಗ ಏಳು ಚೂರು ಇದ್ದವು. ಮಲ್ಲಿಗೆ ಮೊಗ್ಗು ಮುಡಿಸಿದ ಹಾಗೆ ಕಾಣುತ್ತಿತ್ತು. ಕ್ಲಾಸು ಗೊಳ್ಳೆಂದಿತು. ನಾನೂ ನಕ್ಕೆ. ನಗುತ್ತಲೇ "ಏಯ್, ಸಾಕು ಮಾಡ್ರೋ" ಅಂದೆ. ಆ ಹುಡುಗನೂ ನಕ್ಕ. ಅವನೇ ನಕ್ಕ ಮೇಲೆ ಇದು ತಮಾಷೆಯೇ ಅಂತ ನಾನು ತೀರ್ಮಾನ ಮಾಡಿಬಿಟ್ಟೆ.

ಮುಂದಿನ ವಾರ ಅವನು ತಲೆ ನುಣ್ಣಗೆ ಬೋಳಿಸಿಕೊಂಡು ಬಂದ. "ಏನೋ, ತಿರುಪತಿಗೆ ಹೋಗಿದ್ಯೇನೋ?" ಅಂತ ಕೇಳಿದವನೂ ನಾನೇ. ಅದಕ್ಕೂ ಕ್ಲಾಸು ನಕ್ಕಿತು.

ಈಗ ಹೇಳಿ, ಅಲ್ಲಿ ಪೀಡಿಸಿದವರು ಯಾರು? ಸೀಮೆಸುಣ್ಣ ಸಿಕ್ಕಿಸಿದ ಇಬ್ಬರು ಹುಡುಗರಾ? ನಕ್ಕ ಮೂವತ್ತೆಂಟು ಮಂದಿಯಾ? ಪಾಠ ನಿಲ್ಲಿಸಿ ನಕ್ಕ ಮಾಸ್ತರಾ? ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ನಮ್ಮ ಭಾಷೆಯಲ್ಲಿ ಇದಕ್ಕೆ ಪದಗಳಿಗೇನೂ ಬರ ಇಲ್ಲ. ರೇಗಿಸುವುದು, ಅಣಕಿಸುವುದು, ಕಾಡಿಸುವುದು, ಹಂಗಿಸುವುದು, ಗೋಳುಹೊಯ್ದುಕೊಳ್ಳುವುದು. ತೊಂದರೆ ಏನೆಂದರೆ, ಇವುಗಳಲ್ಲಿ ಅರ್ಧ ಪದಗಳಿಗೆ ಪ್ರೀತಿಯ ಅರ್ಥವೂ ಇದೆ. ಮಾವ ಅಳಿಯನನ್ನು ರೇಗಿಸುತ್ತಾನೆ, ಅತ್ತಿಗೆ ಮೈದುನನನ್ನು ಗೋಳುಹೊಯ್ದುಕೊಳ್ಳುತ್ತಾಳೆ. ಹಾಗಾಗಿ ಮಗು ಬಂದು "ಸರ್, ಅವ್ರು ರೇಗಿಸ್ತಾರೆ" ಅಂದರೆ ನಮ್ಮ ಕಿವಿಗೆ ಅದು ದೂರು ಅನ್ನಿಸುವುದೇ ಇಲ್ಲ. "ರೇಗಿಸ್ಲಿ ಬಿಡೋ, ಫ್ರೆಂಡ್ಸ್ ತಾನೆ" ಅಂತೀವಿ. ಡಾನ್ ಓಲ್ವಿಯಸ್ ಅಂತ ಒಬ್ಬರು ಮನಶ್ಶಾಸ್ತ್ರಜ್ಞರಿದ್ದರು. ಹುಟ್ಟಿದ್ದು ಸ್ವೀಡನ್ನಿನಲ್ಲಿ, ಜಾಸ್ತಿ ಕೆಲಸ ಮಾಡಿದ್ದು ನಾರ್ವೆಯಲ್ಲಿ. ಬುಲ್ಲಿಯಿಂಗನ್ನು, ಅಂದರೆ ಹೀಗೆ ಪೀಡಿಸುವುದನ್ನು, ಗುರುತಿಸಲು ಅವರು ಮೂರು ಗುರುತು ಕೊಟ್ಟರು. ಬೇಕಂತಲೇ ಮಾಡಿದ್ದು. ಮತ್ತೆ ಮತ್ತೆ ಮಾಡಿದ್ದು. ತಿರುಗಿ ಕೊಡಲು ಆಗದವರ ಮೇಲೆ ಮಾಡಿದ್ದು. ಮೂರನೆಯದನ್ನು ನೆನಪಿಡಿ. ಮೈದುನ ಅತ್ತಿಗೆಗೆ ತಿರುಗಿ ಹೇಳಬಲ್ಲ. ಎರಡನೇ ಬೆಂಚಿನ ಹುಡುಗ ಮೂವತ್ತೆಂಟು ಜನಕ್ಕೆ ಏನಂತ ತಿರುಗಿ ಹೇಳಬೇಕು?

ಈ ವಿಷಯದ ಅಧ್ಯಯನ ಶುರುವಾದ ಕತೆಯೇ ಸ್ವಾರಸ್ಯವಾಗಿದೆ. 1969ರಲ್ಲಿ ಸ್ವೀಡನ್ನಿನಲ್ಲಿ ಪೀಟರ್ ಪೌಲ್ ಹೈನೆಮನ್ ಅನ್ನುವ ವೈದ್ಯರು ಒಂದು ಲೇಖನ ಬರೆದರು. ಅವರು ದತ್ತು ತಗೊಂಡ ಮಗ ಕಪ್ಪು ಬಣ್ಣದವನು. ಬಿಳಿ ಮಕ್ಕಳು ಗುಂಪು ಕಟ್ಟಿಕೊಂಡು ಅವನನ್ನು ಕಾಡಿಸುತ್ತಿದ್ದರು. ಇದಕ್ಕೆ ಯಾವ ಹೆಸರಿಡುವುದು? ಅವರು ಪ್ರಾಣಿಪಕ್ಷಿಗಳ ನಡವಳಿಕೆಯ ಶಾಸ್ತ್ರದಿಂದ ಒಂದು ಪದ ಎರವಲು ತಂದರು: ಮಾಬಿಂಗ್. ಹಕ್ಕಿಗಳು ಗುಂಪಾಗಿ ಒಂದೇ ಪ್ರಾಣಿಯ ಮೇಲೆ ಮುಗಿಬೀಳುವುದು. ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಹಗಲು ಹೊತ್ತು ಗೂಬೆಯೊಂದು ಕಣ್ಣಿಗೆ ಬಿದ್ದರೆ ಊರಿನ ಕಾಗೆಗಳೆಲ್ಲ ಸೇರಿ ಏನು ಮಾಡುತ್ತವೆ ಅಂತ ಎಲ್ಲರೂ ನೋಡಿದ್ದೇವೆ. ಅಂದರೆ ಬುಲ್ಲಿಯಿಂಗ್ ಅನ್ನುವ ಇಡೀ ಶಾಸ್ತ್ರದ ಬುಡದಲ್ಲೇ ಬಣ್ಣದ ಕಾರಣಕ್ಕೆ ಕಾಡಿಸಿಕೊಂಡ ಒಬ್ಬ ಹುಡುಗ ಇದ್ದಾನೆ.

ಓಲ್ವಿಯಸ್‌ಗೆ ಈ ಕಾಗೆ ಗೂಬೆ ಹೋಲಿಕೆ ಹಿಡಿಸಲಿಲ್ಲ. ಇಡೀ ಕ್ಲಾಸು ಒಟ್ಟಿಗೆ ಎದ್ದು ಬರುತ್ತದೆ ಅನ್ನುವುದು ಸುಳ್ಳು, ಎರಡು ಮೂರು ಮಕ್ಕಳೇ ಮುಂದಾಳುಗಳು ಅಂತ ಅವರು ವಾದಿಸಿದರು. ಅವರು ಇನ್ನೊಂದನ್ನೂ ನೋಡಿದರು. ಕನ್ನಡಕ, ದಪ್ಪ ಮೈ, ಕೆಂಪು ಕೂದಲು, ಬೇರೆ ಥರದ ಮಾತು ಇಂಥವು ಕಾಡಿಸಿಕೊಂಡ ಹುಡುಗರಲ್ಲಿ ಎಷ್ಟಿದ್ದವೋ ಕಾಡಿಸಿಕೊಳ್ಳದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಇದ್ದವು. ಕನ್ನಡಕ ಹಾಕಿದ ಎಲ್ಲರನ್ನೂ ಯಾರೂ ಗೋಳುಹೊಯ್ದುಕೊಳ್ಳುವುದಿಲ್ಲ, ಅಲ್ವಾ? ಕೂದಲು ಗುಂಗುರಾಗಿರುವುದು ಪೀಡಿಸಲು ಕಾರಣ ಅಲ್ಲ. ಅದು ಹಿಡಿಕೆ. ಹಿಡಿಯುವ ಕೈ ಬೇರೆ ಕಡೆ ತಯಾರಾಗುತ್ತದೆ.

ಎಲ್ಲಿ? ಮೊದಲು ಮನೆಗೆ ಹೋಗೋಣ.

ನಮ್ಮ ಜಿಲ್ಲೆಯ ಮನೆಗಳಲ್ಲಿ ಸಿದ್ದಿಯರ ಬಗ್ಗೆ ಮಾತು ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಯಾರೂ ದ್ವೇಷದಿಂದ ಮಾತಾಡುವುದಿಲ್ಲ. "ಪಾಪ, ಮುಗ್ಧ ಜನ", "ಕೆಲಸಕ್ಕೆ ಗಟ್ಟಿ", "ಸಂಜೆ ಆದ್ರೆ ಕುಡೀತಾರೆ". ಅಡಿಕೆ ಕೊಯ್ಲಿಗೆ ಬಂದವರಿಗೆ ಹಿಂಬದಿ ಬಾಗಿಲಲ್ಲಿ ಬೇರೆ ಲೋಟದಲ್ಲಿ ಚಾ. ಹತ್ತು ವರ್ಷ ಈ ಲೋಟ ನೋಡಿ ಬೆಳೆದ ಹುಡುಗ ನಮ್ಮ ಕ್ಲಾಸಿಗೆ ಬಂದು ಕೂರುತ್ತಾನೆ. ಅವನಿಗೆ ಯಾರೂ "ಸಿದ್ದಿ ಹುಡುಗನನ್ನು ಪೀಡಿಸು" ಅಂತ ಹೇಳಿಕೊಟ್ಟಿಲ್ಲ. ಆ ತಲೆ ಮುಟ್ಟಬಹುದಾದ ತಲೆ, ಕೇಳದೇ ಮುಟ್ಟಬಹುದು ಅಂತ ಮಾತ್ರ ಗೊತ್ತಾಗಿದೆ. ತಂದೆತಾಯಿಯ ಪೂರ್ವಗ್ರಹ ಮಕ್ಕಳಿಗೆ ಎಷ್ಟು ಇಳಿಯುತ್ತದೆ ಅಂತ 130ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಹಾಕಿ 2013ರಲ್ಲಿ ನೋಡಿದ್ದಾರೆ. ನಂಟು ಇದೆ, ಆದರೆ ಮಧ್ಯಮ. ಪೂರ್ತಿ ಅಚ್ಚೊತ್ತಿದ ಹಾಗೆ ಬರುವುದಿಲ್ಲ. ನನಗಂತೂ ಇದು ಒಳ್ಳೆಯ ಸುದ್ದಿ. ಉಳಿದ ಜಾಗದಲ್ಲಿ ನಮಗೆ ಕೆಲಸ ಇದೆ.

ಐದರಿಂದ ಏಳು ವರ್ಷದ ಹೊತ್ತಿಗೆ ಈ ಪೂರ್ವಗ್ರಹ ಒಂದು ಸಲ ಏರುತ್ತದೆ, ಆಮೇಲೆ ಸ್ವಲ್ಪ ಇಳಿಯುತ್ತದೆ ಅಂತ ಸಂಶೋಧಕರು ಹೇಳುತ್ತಾರೆ. ಹದಿಹರೆಯದಲ್ಲಿ ಎಲ್ಲರಿಗೂ ಒಂದೇ ದಾರಿ ಅಂತ ಇಲ್ಲ. ಸುತ್ತಲಿನವರು ಹೇಗೋ ಹಾಗೆ. ಹೈಸ್ಕೂಲಿನಲ್ಲಿ ಸುತ್ತಲಿನವರು ಅಂದರೆ ಯಾರು? ಅಪ್ಪ ಅಮ್ಮ ಅಲ್ಲ ಸ್ವಾಮಿ, ಪಕ್ಕದ ಬೆಂಚು.

ಪಕ್ಕದ ಬೆಂಚಿನ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡುತ್ತೇನೆ. ನಾವು ಮಾಸ್ತರರು ಜಾಸ್ತಿ ಎಡವುವುದು ಇಲ್ಲೇ. ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲಿ ಮತ್ತು ಜೊತೆಗಾರರು 1996ರಲ್ಲಿ ಆರನೇ ಕ್ಲಾಸಿನ 573 ಮಕ್ಕಳನ್ನು ನೋಡಿದರು. ಪೀಡಿಸುವಾಗ ಯಾರು ಏನು ಮಾಡುತ್ತಾರೆ ಅಂತ ಮಕ್ಕಳನ್ನೇ ಕೇಳಿದರು. ಪೀಡಿಸುವ ಮುಂದಾಳು ನೂರಕ್ಕೆ ಎಂಟು ಮಂದಿ. ಕೈ ಜೋಡಿಸುವವರು ಏಳು. ನಕ್ಕು, ಶಿಳ್ಳೆ ಹೊಡೆದು ಹುರಿದುಂಬಿಸುವವರು ಸುಮಾರು ಇಪ್ಪತ್ತು. ಸುಮ್ನೆ ದೂರ ನಿಲ್ಲುವವರು ಅದಕ್ಕಿಂತಲೂ ಸ್ವಲ್ಪ ಜಾಸ್ತಿ. ಪೀಡೆಗೆ ಒಳಗಾದವನ ಪರ ನಿಲ್ಲುವವರು ಹದಿನೇಳರ ಆಸುಪಾಸು. ಈ ಲೆಕ್ಕ ನೋಡಿದಾಗ ನನಗೆ ನನ್ನ ಕ್ಲಾಸು ಕಣ್ಣೆದುರು ಬಂತು. ಸೀಮೆಸುಣ್ಣ ಸಿಕ್ಕಿಸಿದವರು ಇಬ್ಬರೇ. ಆ ಇಬ್ಬರಿಗೆ ಬೇಕಾಗಿದ್ದದ್ದು ಆ ಹುಡುಗನ ಅಳು ಅಲ್ಲ, ಉಳಿದವರ ನಗು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಕ್ಲಾಸಿನಲ್ಲಿ ಒಂದು ಸ್ಥಾನ ಬೇಕು. ಓದಿನಲ್ಲಿ ಸಿಗದವರಿಗೆ, ಆಟದಲ್ಲಿ ಸಿಗದವರಿಗೆ ನಗಿಸುವುದು ಒಂದು ದಾರಿ. ಎಲ್ಲರಿಗೂ ಒಟ್ಟಿಗೆ ನಗು ಬರಬೇಕಾದರೆ ಎಲ್ಲರಿಗೂ ಮೊದಲೇ ಗೊತ್ತಿರುವ ಒಂದು ವಸ್ತು ಬೇಕು. ಬಣ್ಣ, ಕೂದಲು, ಕಣ್ಣು, ಜಾತಿ ಎಲ್ಲವೂ ಮೊದಲೇ ಗೊತ್ತಿರುವ ವಸ್ತುಗಳು. ಮನೆಯ ಲೋಟದಿಂದ ಬಂದವು.

ಕೆನಡಾದಲ್ಲಿ ಶಾಲೆಯ ಮೈದಾನದಲ್ಲಿ ಕ್ಯಾಮರಾ ಇಟ್ಟು ಮಕ್ಕಳನ್ನು ಗಮನಿಸಿದ್ದಾರೆ. 2001ರಲ್ಲಿ ಅದರ ವರದಿ ಬಂತು. ಬೇರೆ ಮಕ್ಕಳು ಮಧ್ಯೆ ಬಂದದ್ದು ಐದರಲ್ಲಿ ಒಂದು ಸಲ ಮಾತ್ರ. ಆದರೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಪೀಡಿಸುವುದು ಹತ್ತು ಸೆಕೆಂಡಿನೊಳಗೆ ನಿಂತಿತು. ಹತ್ತು ಸೆಕೆಂಡು ಅಂದರೆ ನಾನು ಸೀಮೆಸುಣ್ಣದ ಧೂಳು ಕೊಡವಿ ಕ್ಲಾಸಿನ ಕಡೆ ತಿರುಗುವಷ್ಟು ಹೊತ್ತು.

ಸರಿ, ಕ್ಲಾಸಿನಲ್ಲಿ ಬೇರೆ ಬೇರೆ ಜನಾಂಗದ ಮಕ್ಕಳು ಜಾಸ್ತಿ ಇದ್ದರೆ ಒಳ್ಳೆಯದೋ ಕೆಟ್ಟದ್ದೋ? ಇದಕ್ಕೆ ಒಂದೇ ಮಾತಿನ ಉತ್ತರ ಹೇಳುವವರನ್ನು ನಂಬಬೇಡಿ. ಲಾಸ್ ಏಂಜಲೀಸಿನ 11 ಶಾಲೆಗಳ 99 ತರಗತಿಗಳಲ್ಲಿ ಯಾನಾ ಯುವೊನೆನ್, ಸಾಂಡ್ರಾ ಗ್ರಹಾಂ ಮತ್ತು ಜೊತೆಗಾರರು ನೋಡಿದರು. 2006ರಲ್ಲಿ ಪ್ರಕಟವಾಯಿತು. ಕ್ಲಾಸಿನಲ್ಲಿ ಹಲವು ಗುಂಪುಗಳ ಮಕ್ಕಳು ಬೆರೆತಿದ್ದಷ್ಟೂ ಕಪ್ಪು ಮತ್ತು ಲ್ಯಾಟಿನೊ ಮಕ್ಕಳಿಗೆ ಶಾಲೆ ಜಾಸ್ತಿ ಸುರಕ್ಷಿತ ಅನ್ನಿಸಿತು, ಒಂಟಿತನ ಕಡಿಮೆ ಆಯಿತು. ಯಾವ ಗುಂಪೂ ಅಲ್ಲಿ ದೊಡ್ಡಣ್ಣ ಆಗುವುದಿಲ್ಲ, ಬಲ ಹಂಚಿಹೋಗುತ್ತದೆ ಅನ್ನುವುದು ಅವರ ವಿವರಣೆ. ಇನ್ನೊಂದು ಕಡೆ ಸ್ವೀಡನ್ನಿನ ಓರೆಬ್ರೊ ವಿಶ್ವವಿದ್ಯಾಲಯದವರು 2018ರಲ್ಲಿ ಬೇರೆ ಮುಖ ತೋರಿಸಿದರು. ಅವರು ನೋಡಿದ್ದು ಸುಮಾರು ಹದಿನಾಲ್ಕು ವಯಸ್ಸಿನ ಸ್ವೀಡಿಷ್ ಮಕ್ಕಳನ್ನು. ವಲಸಿಗರ ಬಗ್ಗೆ ಅಸಡ್ಡೆ ಇದ್ದವರು, ಅಂಥದೇ ಗೆಳೆಯರ ನಡುವೆ ಇದ್ದವರು ವಲಸಿಗ ಸಹಪಾಠಿಗಳನ್ನು ಜಾಸ್ತಿ ಪೀಡಿಸಿದರು. ಅದೂ ಹೆಚ್ಚು ಬೆರಕೆ ಇದ್ದ ತರಗತಿಗಳಲ್ಲೇ.

ಎರಡೂ ಒಂದಕ್ಕೊಂದು ವಿರುದ್ಧ ಅನ್ನಿಸುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ಒಂದು ಅಧ್ಯಯನ ಕಾಡಿಸಿಕೊಳ್ಳುವವರ ಕಡೆಯಿಂದ ನೋಡಿತು, ಇನ್ನೊಂದು ಕಾಡಿಸುವವರ ಕಡೆಯಿಂದ. ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಬಲ ಹಂಚಿಹೋಗಬಹುದು, ನಿಜ. ಆದರೆ ತಲೆಯಲ್ಲಿ ಅಸಡ್ಡೆ ಹೊತ್ತು ಬಂದವನಿಗೆ ಅದೇ ಕೋಣೆ ಅವಕಾಶವೂ ಆಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು, ಸುಮ್ನೆ ಹತ್ತಿರ ಇದ್ದರೆ ಸಾಲದು, ಸಮಾನ ಸ್ಥಾನ ಬೇಕು, ಒಂದೇ ಗುರಿಗಾಗಿ ಕೂಡಿ ದುಡಿಯಬೇಕು, ಮೇಲಿನವರು ಅದಕ್ಕೆ ಬೆಂಬಲ ಕೊಡಬೇಕು ಅಂತ. ಮುಂಡಗೋಡಿನ ಟಿಬೆಟನ್ ಕ್ಯಾಂಪು 1960ರ ದಶಕದಿಂದ ಇದೆ. ಅವರ ಮಕ್ಕಳಿಗೆ ಅವರದೇ ಶಾಲೆ. ನಮ್ಮ ಮಕ್ಕಳು ಅವರನ್ನು ನೋಡುವುದು ಪೇಟೆಯಲ್ಲಿ, ಬಸ್ಸಿನಲ್ಲಿ. ಅರವತ್ತು ವರ್ಷ ಪಕ್ಕದಲ್ಲಿದ್ದೂ ಒಂದು ಕಬಡ್ಡಿ ತಂಡದಲ್ಲಿ ಒಟ್ಟಿಗೆ ಆಡಿದವರು ಎಷ್ಟು ಜನ ಸಿಗುತ್ತಾರೆ?

ಇನ್ನು ಶಾಲೆಗೆ ಬರುತ್ತೇನೆ. ನಿಮಗೆ ಸ್ವಲ್ಪ ಕಿರಿಕಿರಿ ಆಗಬಹುದು.

ಹೆಣ್ಣುಮಕ್ಕಳು ಎರಡು ಜಡೆ ಹಾಕಿ, ಮಡಚಿ, ರಿಬ್ಬನ್ ಕಟ್ಟಿಕೊಂಡೇ ಬರಬೇಕು. ಎಷ್ಟೋ ಶಾಲೆಗಳಲ್ಲಿ ಈ ರೂಲು ಇದೆ. ಸಿದ್ದಿ ಹುಡುಗಿಯ ಕೂದಲು ಉದ್ದ ಇಳಿಯುವುದಿಲ್ಲ, ಸುರುಳಿ ಸುರುಳಿಯಾಗಿ ಮೇಲೇ ನಿಲ್ಲುತ್ತದೆ. ಎಣ್ಣೆ ಹಚ್ಚಿ, ಎಳೆದು, ಕಣ್ಣಲ್ಲಿ ನೀರು ಬರುವ ಹಾಗೆ ಬಾಚಿ ಅವರಮ್ಮ ಎರಡು ಸಣ್ಣ ಮೋಟು ಜಡೆ ಕಟ್ಟಿ ಕಳಿಸುತ್ತಾಳೆ. ಪ್ರಾರ್ಥನೆ ಮುಗಿಯುವುದರೊಳಗೆ ರಿಬ್ಬನ್ ಜಾರುತ್ತದೆ. ಪಿ.ಟಿ. ಮಾಸ್ತರು ಎಲ್ಲರೆದುರಿಗೆ "ಏನಮ್ಮಾ ಇದು ಅವತಾರ?" ಅಂತಾರೆ. ಮಧ್ಯಾಹ್ನ ಊಟದ ಸಾಲಿನಲ್ಲಿ ಹುಡುಗರು ಅದೇ ಪದ ಹಿಡಿಯುತ್ತಾರೆ, "ಅವತಾರ ಬಂತು". ಆ ಹುಡುಗರನ್ನು ಸ್ಟಾಫ್ ರೂಮಿಗೆ ಕರೆದು ಎರಡು ಬಾರಿಸಿದರೆ ಏನು ಬಂತು? ಪದ ಕೊಟ್ಟದ್ದು ನಾವು.

ಸಮಾಜ ವಿಜ್ಞಾನದಲ್ಲಿ ಆಫ್ರಿಕಾ ಪಾಠ ಶುರು ಮಾಡಿದ ದಿನ ನೋಡಿ. ಹಲಗೆಯ ಮೇಲೆ ಹೆಸರು ಬರೆದ ಕೂಡಲೇ ಇಡೀ ಕ್ಲಾಸಿನ ಕತ್ತು ಒಂದೇ ಕಡೆ ತಿರುಗುತ್ತದೆ. ಶಾಲಾ ವಾರ್ಷಿಕೋತ್ಸವಕ್ಕೆ ನಾಟಕ ಅಂದರೆ ರಾಕ್ಷಸನ ಪಾರ್ಟು ಯಾರಿಗೆ ಅಂತ ಕೇಳುವುದೇ ಬೇಡ. ಕ್ರೀಡಾಕೂಟ ಬಂದಾಗ "ನಿಮ್ಮವರಿಗೆ ಓಡೋದು ರಕ್ತದಲ್ಲೇ ಇದೆ ಮಾರಾಯ" ಅಂತ ಹೊಗಳುತ್ತೇವೆ. ಆ ಹುಡುಗನಿಗೆ ಗಣಿತ ಇಷ್ಟ ಇದ್ದರೆ ಏನು ಮಾಡುವುದು? ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಬಂದವರ ಮಕ್ಕಳು, ತಪ್ಪಿಸಿಕೊಂಡು ಗೋವಾದಿಂದ ನಮ್ಮ ಕಾಡಿಗೆ ಇಳಿದವರು ಅಂತ ನಾವು ಒಂದು ಸಾಲು ಹೇಳುತ್ತೇವೆ. ಆಮೇಲಿನ ಕತೆ ಹೇಳುವುದಿಲ್ಲ. ಸಿದ್ದಿಯರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರಿಶ್ಚಿಯನ್ನರಿದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಆ ಸಮುದಾಯದಿಂದ ಶಾಸಕಾಂಗಕ್ಕೆ ಹೋದ ಮೊದಲಿಗರು, ನಮ್ಮದೇ ಜಿಲ್ಲೆಯವರು. ಸಾಮಾನ್ಯ ಜ್ಞಾನದ ಪ್ರಶ್ನೆಯಾಗಿಯಾದರೂ ಇದನ್ನು ನಾವು ಕ್ಲಾಸಿನಲ್ಲಿ ಕೇಳಿದ್ದೇವಾ?

ಇದು ಬರೀ ಕಾಡಿನ ಕತೆ ಅಂದುಕೊಳ್ಳಬೇಡಿ. ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಟೀಚರು. ಅವಳ ಕ್ಲಾಸಿನಲ್ಲಿ ಒಬ್ಬಳು ನೇಪಾಳಿ ಹುಡುಗಿ, ಅಪ್ಪ ಅಪಾರ್ಟ್‌ಮೆಂಟಿನ ವಾಚ್‌ಮನ್. ಕನ್ನಡದಲ್ಲಿ ಕ್ಲಾಸಿಗೇ ಫಸ್ಟು. ಆದರೂ ಅವಳ ಹೆಸರು ಯಾರ ಬಾಯಲ್ಲೂ ಇಲ್ಲ. ಮೊದಲು "ಮೊಮೊ", ಆಮೇಲೆ "ಚೈನಾ", ಕೊರೊನಾ ಮುಗಿದು ಶಾಲೆ ತೆರೆದ ಮೇಲೆ "ಕೊರೊನಾ". ಆ ಪದವೂ ಮಕ್ಕಳು ಹುಟ್ಟಿಸಿದ್ದಲ್ಲ. ಈಶಾನ್ಯ ರಾಜ್ಯಗಳ ಜನರನ್ನು ಹೀಗೇ ಕರೆದು ಕಾಡಿಸುತ್ತಿದ್ದಾರೆ, ಕ್ರಮ ತಗೊಳ್ಳಿ ಅಂತ 2020ರ ಮಾರ್ಚಿನಲ್ಲಿ ಕೇಂದ್ರ ಗೃಹ ಸಚಿವಾಲಯವೇ ರಾಜ್ಯಗಳಿಗೆ ಬರೆಯಬೇಕಾಯಿತು. ದೊಡ್ಡವರ ಬೀದಿಯಿಂದ ಚಿಕ್ಕವರ ಬೆಂಚಿಗೆ ಬರಲು ಒಂದು ಪದಕ್ಕೆ ಬಸ್ ಚಾರ್ಜು ಬೇಡ. 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ನಿಡೊ ತಾನಿಯಾ ಅನ್ನುವ ವಿದ್ಯಾರ್ಥಿಯ ಕೂದಲನ್ನು ನೋಡಿ ಅಂಗಡಿಯವರು ಅಣಕಿಸಿದರು. ಜಗಳವಾಯಿತು, ಹೊಡೆದರು, ಮಾರನೇ ದಿನ ಆ ಹುಡುಗ ತೀರಿಕೊಂಡ. ಆಮೇಲೆ ಈಶಾನ್ಯದವರ ಕಷ್ಟ ವಿಚಾರಿಸಲು ಸರ್ಕಾರದ ಬೆಜಬರುವಾ ಸಮಿತಿ ಬಂತು, ವರದಿ ಬಂತು. ಶುರುವಾದದ್ದು ಎಲ್ಲಿಂದ? ಕೂದಲಿನಿಂದ.

ದುಡುಕು ಸ್ವಭಾವದ, ಎಲ್ಲರ ಮೇಲೂ ಕೈ ಮಾಡುವ ಮಕ್ಕಳು ಇದ್ದೇ ಇರುತ್ತಾರೆ, ಅವರೂ ಒಂದು ಕಾರಣ. ಮನೆಯಲ್ಲಿ ತಾವೇ ಪೆಟ್ಟು ತಿಂದು ಬರುವವರಿರುತ್ತಾರೆ. ಇದನ್ನೆಲ್ಲ ನಿಮಗೆ ನಾನು ಹೇಳಬೇಕಾಗಿಲ್ಲ. ಅಂಥವರನ್ನು ನೀವು ಬೇಗ ಗುರುತಿಸುತ್ತೀರಿ, ಯಾಕೆಂದರೆ ಅವರು ನಿಮ್ಮ ಕ್ಲಾಸನ್ನೂ ಕೆಡಿಸುತ್ತಾರೆ. ನನಗೆ ಭಯ ಇರುವುದು ಒಳ್ಳೆಯ ಮಾರ್ಕು ತೆಗೆಯುವ, ನಮ್ಮ ಕಣ್ಣಿಗೆ ಜಾಣನಾಗಿ ಕಾಣುವ ಹುಡುಗನ ಬಗ್ಗೆ. ಅವನು ಕೈ ಮಾಡುವುದಿಲ್ಲ. ಒಂದು ಅಡ್ಡ ಹೆಸರಿಟ್ಟು ಬಿಡುತ್ತಾನೆ. ಉಳಿದದ್ದನ್ನು ಕ್ಲಾಸು ಮಾಡಿ ಮುಗಿಸುತ್ತದೆ.

ಕಾಡಿಸಿಕೊಂಡ ಮಗು ಯಾಕೆ ಹೇಳುವುದಿಲ್ಲ? ಸಾಂಡ್ರಾ ಗ್ರಹಾಂ ಅವರ ಕೆಲಸದಲ್ಲಿ ಒಂದು ಸೂಕ್ಷ್ಮ ಇದೆ. ತನ್ನವರೇ ಜಾಸ್ತಿ ಇರುವ ಕ್ಲಾಸಿನಲ್ಲಿ ಕಾಡಿಸಿಕೊಂಡ ಮಗು "ನನ್ನಲ್ಲೇ ಏನೋ ಐಬಿದೆ" ಅಂತ ತನ್ನನ್ನೇ ದೂರಿಕೊಳ್ಳುತ್ತದೆ. ಬೇರೆಯವರ ನಡುವೆ ಇದ್ದರೆ ತಪ್ಪು ಅವರ ಮನಸ್ಸಿನಲ್ಲಿದೆ ಅಂತ ಹೇಳಿಕೊಳ್ಳಲು ಒಂದು ದಾರಿ ಇರುತ್ತದೆ. ಆದರೆ ತನ್ನವರು ಒಬ್ಬರೂ ಇಲ್ಲದ ಕ್ಲಾಸಿನಲ್ಲಿ ಆ ಮಾತನ್ನು ಆಡುವುದು ಯಾರ ಹತ್ತಿರ? ನನ್ನ ಎರಡನೇ ಬೆಂಚಿನ ಹುಡುಗನ ಮುಂದೆ ಎರಡೇ ದಾರಿ ಇದ್ದವು. ಅಳುವುದು, ಇಲ್ಲ ಎಲ್ಲರ ಜೊತೆ ನಗುವುದು. ನಕ್ಕರೆ ಆಟ ಬೇಗ ಮುಗಿಯುತ್ತದೆ. ಅವನ ನಗುವನ್ನು ನಾನು ಒಪ್ಪಿಗೆ ಅಂತ ಓದಿಕೊಂಡೆ. ಕನ್ನಡ ಮಾಸ್ತರ ಓದು ನೋಡಿ!

ಭಾಷಣ ಇಲ್ಲಿಗೆ ನಿಲ್ಲಿಸಿದೆ. ಪ್ರಶ್ನೆಗಳು ಬಂದವು. "ಹಾಗಾದರೆ ಸೋಮವಾರ ಕ್ಲಾಸಿಗೆ ಹೋಗಿ ಏನು ಮಾಡಲಿ?" ಅಂತ ಒಬ್ಬ ಯುವ ಶಿಕ್ಷಕರು ಕೇಳಿದರು. ನನಗೆ ಹೊಳೆದದ್ದನ್ನು ಹೇಳಿದೆ. ಪೀಡಿಸಿದವನನ್ನು ಎಲ್ಲರೆದುರಿಗೆ ಬೈಯಬೇಡಿ, ಅವನಿಗೆ ಬೇಕಾದದ್ದೇ ಪ್ರೇಕ್ಷಕರು. ಪೀಡಿಸಿಕೊಂಡವನನ್ನೂ ಎಬ್ಬಿಸಿ ನಿಲ್ಲಿಸಿ "ನಿನಗೆ ಬೇಜಾರಾಯ್ತಾ?" ಅಂತ ಕೇಳಬೇಡಿ. ನಕ್ಕವರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿಸಿ. ಅವರಲ್ಲಿ ಮೂರು ನಾಲ್ಕು ಮಕ್ಕಳಿಗೆ ಆ ನಗು ಇಷ್ಟ ಇರಲಿಲ್ಲ, ಒಂಟಿಯಾಗಿ ಕೇಳಿದರೆ ಹೇಳುತ್ತಾರೆ. ಬೆಂಚು ಬದಲಿಸಿ, ಆದರೆ ಎಲ್ಲರದ್ದೂ ಬದಲಿಸಿ, ಅವನೊಬ್ಬನದ್ದಲ್ಲ. ಮಕ್ಕಳ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿಯಿರಿ. ತೀರಾ ಕೈ ಮೀರಿದರೆ ಮಕ್ಕಳ ಸಹಾಯವಾಣಿ 1098 ಇದೆ. ಶಿಕ್ಷಣದ ಹಕ್ಕಿನ ಕಾಯಿದೆ ಮಗುವಿಗೆ ಮಾನಸಿಕ ಹಿಂಸೆ ಕೊಡಬಾರದು ಅಂತ 2009ರಲ್ಲೇ ಹೇಳಿದೆ. ಅದು ಮೊದಲು ಅನ್ವಯವಾಗುವುದು ನಮಗೇ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಅಕ್ಕೋರು ಎದ್ದರು. "ಸರ್, ಜಡೆ ವಿಷಯ ಹೇಳಿದ್ರಲ್ಲ. ನಮ್ಮ ಶಾಲೇಲೂ ಹಾಗೇ ಇದೆ. ರೂಲು ಹೆಡ್‌ಮಾಸ್ಟರ್ದು. ನಾನು ಏನು ಮಾಡ್ಲಿಕ್ಕೆ ಬರ್ತದೆ?"

ಆ ಹೆಡ್‌ಮಾಸ್ಟರು ಮುಂದಿನ ಸಾಲಿನಲ್ಲೇ ಕೂತಿದ್ದರು. ಎಲ್ಲರೂ ನಕ್ಕರು, ಅವರೂ ನಕ್ಕರು. ನಾನು ಈ ಸಲ ನಗಲಿಲ್ಲ. "ಸರ್, ಕೂದಲು ಚೊಕ್ಕವಾಗಿರಬೇಕು ಅಂತ ಮಾತ್ರ ಬರೆದರೆ ಆಗೋದಿಲ್ವಾ?" ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. "ಸೋಮವಾರ ಸ್ಟಾಫ್ ಮೀಟಿಂಗ್ ಇದೆ, ಇಡ್ತೇನೆ" ಅಂದರು.

ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಮಂಗಳವಾರ ಅವರಿಗೆ ಫೋನು ಮಾಡಬೇಕು.